ಮರಳಿಲ್ಲದ ಸಮುದ್ರ: ಚಿಕ್ಕ ಮಕ್ಕಳ ಜೊತೆ ಗೋವಾನಾ, ಮುಂಬೈನಾ?

ನನ್ನ ಓಟು ಮುಂಬೈಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಗೋವಾ ಪ್ರೇಮಿಗಳು ಇಲ್ಲಿಂದಲೇ ವಾಪಸ್ ಹೋಗಬಹುದು. ಪುಣೆಯಲ್ಲಿ ನಮ್ಮ ಕನ್ನಡದ ಮಂದಿ ಯಾರನ್ನು ಕೇಳಿದರೂ ಹೇಳಿದ್ದು ಒಂದೇ: "ಗೋವಾಕ್ಕ ಹೋಗ್ರಿ, ಮಕ್ಕಳ್ನ ಉಸುಕಿನ್ಯಾಗ ಬಿಟ್ರ ಮುಗೀತು, ದಿನಾಪೂರ್ತಿ ಆಡ್ತಾವ." ಆಡ್ತಾವ, ಖರೆ. ಆ ಉಸುಕು ತೊಳೆಯೋರು ಯಾರು ಅಂತ ಮಾತ್ರ ಯಾರೂ ಹೇಳಲಿಲ್ಲ.

ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಡಿಸೆಂಬರಿನಲ್ಲಿ ದಕ್ಷಿಣ ಗೋವಾದ ಬೆನಾಲಿಂನಲ್ಲಿ ನಾಲ್ಕು ರಾತ್ರಿ, ಫೆಬ್ರವರಿಯಲ್ಲಿ ಮುಂಬೈಯಲ್ಲಿ ಎರಡು ರಾತ್ರಿ ಇದ್ದು ಬಂದೆವು.

ಗೋವಾದ ಕಥೆಯೆಲ್ಲ ಬಚ್ಚಲಿನದೇ. ಮಕ್ಕಳ ಈಜುಡುಗೆಯ ಒಳಪದರದಲ್ಲಿ ಒಂದೊಂದು ಹಿಡಿ ಮರಳು ಕೂತಿರುತ್ತದೆ, ಹಿಂಡಿದಾಗಲೇ ಗೊತ್ತಾಗುವುದು. ಇಬ್ಬರು ಮಕ್ಕಳು, ದಿನಕ್ಕೆ ಎರಡು ಸಲ ಬೀಚು. ಎರಡನೇ ದಿನ ಸಂಜೆ ಬಚ್ಚಲ ನೀರು ಇಳಿಯುವುದನ್ನೇ ನಿಲ್ಲಿಸಿತು. ನಾನು ಮಗನ ತಲೆಗೆ ಸೋಪು ಹಚ್ಚುತ್ತಿದ್ದೆ, ನೋಡುನೋಡುತ್ತಿದ್ದಂತೆ ನೀರು ಹೊಸ್ತಿಲು ದಾಟಿ ಕೋಣೆಗೆ ನುಗ್ಗಿತು. ನೆಲದ ಮೇಲೆ ಬಿಚ್ಚಿಟ್ಟ ಸೂಟ್‌ಕೇಸು, ಅದರಲ್ಲಿ ಉಳಿದಿದ್ದ ಒಣಬಟ್ಟೆ, ಡೈಪರಿನ ಪ್ಯಾಕೆಟ್ಟು ಎಲ್ಲ ತೊಯ್ದುಹೋದವು. ನೀರು ಕುಡಿದ ಡೈಪರ್ ಎಷ್ಟು ಉಬ್ಬುತ್ತದೆ ಅಂತ ಅವತ್ತು ನೋಡಿದೆ.

ನಾವು ಬಾಡಿಗೆಗೆ ಇಳಿದಿದ್ದ ಮನೆಯ ಯಜಮಾನತಿ ಬಂದು ಕೋಲು ಹಾಕಿ ಕೆದಕಿದರು, ಬಗ್ಗಲಿಲ್ಲ. ಮರಳು ಒಳಗೆ ತರಬಾರದೆಂದು ಬೋರ್ಡ್ ಹಾಕಿದೆಯಲ್ಲ ಅಂದರು. ಇತ್ತು, ತೆರೆದ ಬಾಗಿಲಿನ ಹಿಂದೆ. ಪ್ಲಂಬರ್ ಬಂದದ್ದು ಮರುದಿನ ಮಧ್ಯಾಹ್ನ, 700 ರೂಪಾಯಿ ನಮ್ಮ ಲೆಕ್ಕಕ್ಕೆ. ಅಲ್ಲಿಯವರೆಗೆ ಅಂಗಳದ ನಲ್ಲಿಯ ತಣ್ಣೀರಿನಲ್ಲೇ ಸ್ನಾನ. ಮಗನ ಕಿರುಚಾಟಕ್ಕೆ ಆಚೆಮನೆಯ ನಾಯಿ ಕೂಡ ದನಿಗೂಡಿಸಿತು. ಡೈಪರಿನೊಳಗೆ ಉಳಿದ ಮರಳು ಉಜ್ಜಿ ತೊಡೆಸಂದಿ ಕೆಂಪಾಯಿತು. ಮೂರನೇ ದಿನದಿಂದ ಅವನು ಮರಳು ಕಂಡರೆ ಕಾಲು ಮೇಲೆತ್ತಿ ನನ್ನ ಕುತ್ತಿಗೆಗೆ ಜೋತುಬೀಳತೊಡಗಿದ. ಸಮುದ್ರ ನೋಡಲು ಅಷ್ಟು ದೂರ ಹೋಗಿ, ಮಗುವನ್ನು ಸೊಂಟದಿಂದ ಇಳಿಸದೆ ಎರಡು ದಿನ ದಂಡೆಯಲ್ಲಿ ನಿಂತೆ.

ಮಣಿಸರ ಮಾರುತ್ತ ಬಂದ ಲಂಬಾಣಿ ಹೆಂಗಸು ನಮ್ಮ ಮಾತು ಕೇಳಿ ಕನ್ನಡದಲ್ಲೇ, "ಯಾಕಳತೈತ್ರೀ ಕೂಸು?" ಅಂದಳು. ಗದಗ ಕಡೆಯವಳು. ವಿಷಯ ಹೇಳಿದ್ದಕ್ಕೆ, "ಹಸಿ ಇದ್ದಾಗ ಒರಸಬ್ಯಾಡ್ರೀ ಅಕ್ಕಾರ, ಒಣಗಾಕ ಬಿಡ್ರೀ, ತಾನ ಉದುರತೈತಿ" ಅಂದಳು. ಒಣಗಿಸಿ, ಪೌಡರ್ ಹಾಕಿ ಕೊಡವಿದರೆ ನಿಜಕ್ಕೂ ಉದುರುತ್ತದೆ. ಗೋವಾಕ್ಕೆ ಹೋಗುವವರು ಪೌಡರ್ ಡಬ್ಬಿ ಮರೆಯಬೇಡಿ.

ಇನ್ನೊಂದು: ಚಿಕ್ಕ ಮಕ್ಕಳಿಗೆ ಬೀಚು ಬೆಳಗ್ಗೆ ಒಂಬತ್ತೂವರೆ ತನಕ, ಆಮೇಲೆ ಸಂಜೆ ನಾಲ್ಕೂವರೆ ನಂತರ. ನಡುವೆ ಕೋಣೆಯಲ್ಲಿ ಫ್ಯಾನು ನೋಡುತ್ತ ಮಲಗುವುದೇ. ಆಚೆ ಹೋಗೋಣವೆಂದರೆ ಪುಣೆಯ ಕ್ಯಾಬ್ ಆ್ಯಪುಗಳು ಅಲ್ಲಿ ನಡೆಯುವುದಿಲ್ಲ, ಪ್ರತಿ ಸಲವೂ ಟ್ಯಾಕ್ಸಿ ಚೌಕಾಶಿ. ಬೀಚಿನಲ್ಲಿ ಜೀವರಕ್ಷಕರಿದ್ದರು, ಕೆಂಪು ಬಾವುಟದ ಕಡೆ ಯಾರನ್ನೂ ಬಿಡುತ್ತಿರಲಿಲ್ಲ. ಆ ವಿಷಯದಲ್ಲಿ ನೆಮ್ಮದಿ. ಮೀನಿನ ಊಟದ ಬಗ್ಗೆ ನಮ್ಮ ಮನೆಯವರನ್ನೇ ಕೇಳಿ.

ಮುಂಬೈ ಪ್ರವಾಸ ಪುಣೆ ಸ್ಟೇಷನ್ನಿನಲ್ಲೇ ಶುರುವಾಯಿತು. ಡೆಕ್ಕನ್ ಕ್ವೀನ್ ಬೆಳಗ್ಗೆ 7.15ಕ್ಕೆ ಹೊರಟು ಹತ್ತೂವರೆಗೆಲ್ಲ ಮುಂಬೈನ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಸೇರುತ್ತದೆ. 1930ರಿಂದ ಓಡುತ್ತಿರುವ ಗಾಡಿ, ಅದಕ್ಕೊಂದು ಊಟದ ಬೋಗಿಯೂ ಉಂಟು. ಲೋಣಾವಳ ದಾಟಿ ಘಾಟಿ ಇಳಿಯುವಾಗ ಮಗಳು ಸುರಂಗ ಎಣಿಸುವುದರಲ್ಲೇ ಮುಳುಗಿದ್ದಳು. ಗೋವಾದ ರೈಲಿನಲ್ಲಿ ರಾತ್ರಿಯಿಡೀ ಮಗನನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡಿದ್ದ ನನಗೆ ಇದೇ ದೊಡ್ಡ ರಜೆ.

ತಂಗಿದ್ದು ಮಾಟುಂಗಾ ಹತ್ತಿರದ ಲಾಡ್ಜಿನಲ್ಲಿ. ಕೋಣೆಯಲ್ಲಿ ಮಂಚ ಬಿಟ್ಟರೆ ನಿಲ್ಲಲು ಜಾಗವಿಲ್ಲ. ಆದರೆ ಬಾಗಿಲು ದಾಟಿದರೆ ಮಕ್ಕಳ ಊಟದ ಚಿಂತೆಯೇ ಇಲ್ಲ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಿಸಿ ಅನ್ನ, ಸಾರು, ಮೊಸರು. 1942ರಿಂದ ಅದೇ ಕೆಲಸ. ಗೋವಾದಲ್ಲಿ ಬಿಸ್ಕತ್ತು, ಬಾಳೆಹಣ್ಣಿನಲ್ಲಿ ದಿನ ತಳ್ಳಿದ ಮಗ ಇಲ್ಲಿ ಮೊಸರನ್ನ ಬೇಡಿ ತಿಂದ.

ಬೈಕುಲಾದ ರಾಣಿಬಾಗ್ ಮೃಗಾಲಯದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ಸೇರಿ ನೂರು ರೂಪಾಯಿ ಟಿಕೆಟ್. ಬುಧವಾರ ಬಂದ್. 2016ರಲ್ಲಿ ಅಲ್ಲಿಗೆ ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತಂದರು. ಅವುಗಳ ತಣ್ಣನೆಯ ಮನೆಯ ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳನ್ನು ಕೀಳುವುದೇ ಕಷ್ಟವಾಯಿತು. ಹೊರಗೆ ಮಟಮಟ ಮಧ್ಯಾಹ್ನ, ಅದರ ಪರಿವೆ ಯಾರಿಗೂ ಇಲ್ಲ.

ಸಂಜೆ ಮರೀನ್ ಡ್ರೈವ್. ಸಮುದ್ರವೂ ಇದೆ, ಗಾಳಿಯೂ ಇದೆ, ಕೂರಲು ಸಿಮೆಂಟಿನ ಕಟ್ಟೆಯಿದೆ, ಮರಳಿಲ್ಲ! ಮಗ ಸೊಂಟದಿಂದ ಇಳಿದ. ಆ ಕಟ್ಟೆಯ ಆಚೆ ಕಾಂಕ್ರೀಟ್ ಬಂಡೆಗಳ ರಾಶಿ, ಹಾಗಾಗಿ ಅವನ ಅಂಗಿಯ ತುದಿ ಮಾತ್ರ ನನ್ನ ಕೈಯಲ್ಲೇ ಇತ್ತು.

ಬೇಬಿ ಗಾಡಿ ಒಯ್ದದ್ದು ನಮ್ಮ ತಪ್ಪು. ಫುಟ್‌ಪಾತಿನಲ್ಲಿ ಹತ್ತು ಹೆಜ್ಜೆಗೊಂದು ಅಂಗಡಿ. ಗಾಡಿಯಲ್ಲಿ ಮಗನಿಗಿಂತ ಹೆಚ್ಚು ಹೊತ್ತು ಕೂತದ್ದು ನಮ್ಮ ಬ್ಯಾಗು.

ಖರ್ಚು ಗೋವಾಕ್ಕೆ 31,000, ಮುಂಬೈಗೆ 15,500. ರಾತ್ರಿಯ ಲೆಕ್ಕದಲ್ಲಿ ಎರಡೂ ಸಮ, ಮುಂಬೈ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮುಂಬೈಗೆ ಎರಡು ರಾತ್ರಿ, ಒಂದು ದಿನದ ರಜೆ ಸಾಕು. ಗೋವಾಕ್ಕೆ ಹೋಗಿಬರುವ ಆಯಾಸಕ್ಕೇ ನಾಲ್ಕು ರಾತ್ರಿ ಬೇಕು. ಒಂಬತ್ತಕ್ಕೆ ದೀಪ ಆರಿಸುವ, ಮಧ್ಯಾಹ್ನ ನಿದ್ದೆ ತಪ್ಪಿದರೆ ಎಲ್ಲರೂ ಅಳುವ ನಮ್ಮ ಮನೆಗೆ ಅದು ದುಬಾರಿ.

ಮನೆಯವರು ಈಗಲೇ ಮುಂದಿನ ಡಿಸೆಂಬರಿನ ಗೋವಾ ಟಿಕೆಟ್ ನೋಡುತ್ತಿದ್ದಾರೆ. "ಮಗ ತನ್ನ ಚಡ್ಡಿ ತಾನೇ ಕೊಡವಿಕೊಳ್ಳೂವಂಗ ಆಗ್ಲಿ, ಹೋಗೂಣು" ಅಂದಿದ್ದೇನೆ. ಅಂಗಳದಲ್ಲಿ ಬಿಸಿನೀರಿನ ನಲ್ಲಿ ಇರುವ ಮನೆ ಸಿಕ್ಕರೆ ಅದಕ್ಕಿಂತ ಮುಂಚೆಯೂ ಆದೀತು.