ಎರಡೂವರೆ ವರ್ಷ ಬಳಸಿದ ಕನ್ಸೋಲ್, ಸುಮ್ನೆ ಬೈಸಿಕೊಂಡ ಗೇಮ್

ಬ್ರ್ಯಾಂಡ್ ಹೆಸರು ಬೇಡ. ತಗೊಂಡು ಏಳನೇ ತಿಂಗಳು ಒಂದು ಹೊಸ ಗೇಮ್ ಹಾಕಿದೆ, ತುಂಬಾ ಬಗ್, ಅಂದರೆ ದೋಷ. ಪಾತ್ರಗಳು ಗೋಡೆಯೊಳಗೆ ನುಗ್ಗೋದು, ಕುದುರೆ ಗಾಳಿಯಲ್ಲಿ ನಿಲ್ಲೋದು, ಅದನ್ನೆಲ್ಲ ಸಹಿಸಿಕೊಂಡೆ. ಆದರೆ ಮ್ಯಾಪ್ ತೆರೆದಿಟ್ಟು ಕಾಫಿ ತರೋಕೆ ಎದ್ದರೆ ಸಾಕು, ಮಿಕ್ಸಿ ಓಡಿದ ಹಾಗೆ ಫ್ಯಾನ್ ಸದ್ದು. 'ಏನೋ ಅದು, ಸುಟ್ಟುಗಿಟ್ಟು ಹೋದೀತು ನೋಡೋ' ಅಂತ ಅಮ್ಮ ಕೂಗುವ ಹೊತ್ತಿಗೆ ಟಪ್ ಅಂತ ಆಫ್. ಮೂರು ದಿನದಲ್ಲಿ ನಾಲ್ಕು ಸಲ.

ಗೇಮೇ ಹಾಳು ಮಾಡಿತು ಅಂದುಕೊಂಡೆ. ವಾರಂಟಿ ಇತ್ತು, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ವಿಜಯನಗರದಿಂದ ಸರ್ವಿಸ್ ಸೆಂಟರ್‌ಗೆ ಹೋದೆ. ಒಂಬತ್ತು ದಿನ ಇಟ್ಟುಕೊಂಡು 'ಏನೂ ತೊಂದರೆ ಇಲ್ಲ ಸರ್' ಅಂತ ವಾಪಸ್ ಕೊಟ್ಟರು. ಶೋಕೇಸಲ್ಲಿ ಇಟ್ಟೆ, ಅದೇ ರಾತ್ರಿ ಮತ್ತೆ ಟಪ್.

ಆ ಶೋಕೇಸಿಗೆ ಗಾಜಿನ ಬಾಗಿಲು, ಹಿಂದೆ ಎರಡು ಬೆರಳು ಜಾಗ. ಸಿಟ್ಟಲ್ಲಿ ಹೊರಗೆಳೆದು ಟೀಪಾಯ್ ಮೇಲಿಟ್ಟು ಅದೇ ಮ್ಯಾಪನ್ನು ಒಂದು ಗಂಟೆ ಹಾಗೇ ಬಿಟ್ಟೆ. ಸದ್ದು ಬಂತು, ಆಫ್ ಆಗಲಿಲ್ಲ!

ಮೆನು, ಮ್ಯಾಪ್ ಥರದ ಪರದೆಯಲ್ಲಿ ಕೆಲಸ ಕಮ್ಮಿ ಅಲ್ವಾ, ಅಲ್ಲಿ ಫ್ರೇಮ್‌ಗಳಿಗೆ (ಸೆಕೆಂಡಿಗೆ ಬಿಡಿಸೋ ಚಿತ್ರಗಳಿಗೆ) ಮಿತಿ ಹಾಕೋದನ್ನು ಗೇಮಿನವರು ಮರೆತರೆ ಚಿಪ್ ಒಂದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬಿಡಿಸುತ್ತಾ ಬಿಸಿಯಾಗುತ್ತದೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಗೇಮ್ ಬಂದಾಗಲೂ ಪಿಸಿಗಳಲ್ಲಿ ಇದೇ ಗಲಾಟೆ ಆಗಿತ್ತು. 2021ರಲ್ಲಿ ನ್ಯೂ ವರ್ಲ್ಡ್ ಗೇಮಿನ ಬೀಟಾ (ಪರೀಕ್ಷಾ ಆವೃತ್ತಿ) ಆಡುವಾಗ ಕೆಲವರ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್ (ಪಿಸಿಯಲ್ಲಿ ಚಿತ್ರ ಬಿಡಿಸೋ ಭಾಗ) ಸತ್ತೇ ಹೋದವು. ಆದರೆ ಇವಿಜಿಎ ಕಂಪನಿ ತಾನು ತಯಾರಿಸಿದ ಕಾರ್ಡ್‌ಗಳನ್ನು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಸರಿಯಿಲ್ಲದ ಬೆಸುಗೆ. 2019ರಲ್ಲಿ ಆ್ಯಂಥಮ್ ಗೇಮ್ ಪಿಎಸ್4 ಕನ್ಸೋಲ್‌ಗಳನ್ನು ಕೊಲ್ಲುತ್ತಿದೆ ಅಂತ ಗುಲ್ಲೆದ್ದಾಗಲೂ, ಪೂರ್ತಿ ಕೆಡೋದಿಲ್ಲ, ಮತ್ತೆ ಆನ್ ಮಾಡಬಹುದು ಅಂತ ಆ ಗೇಮ್ ತಂದ ಇಎ ಕಂಪನಿ ಹೇಳಿತು. ಅಂದರೆ ಗಟ್ಟಿ ಇರೋ ಯಂತ್ರವನ್ನು ಗೇಮ್ ಮುರಿಯೋದು ಕಷ್ಟ, ಮೊದಲೇ ಸೊರಗಿದ್ದರೆ ಬಯಲಿಗೆಳೆಯುತ್ತದೆ. ನನ್ನದು ಆಫ್ ಆಗಿದ್ದೂ ಸಾಯೋಕಲ್ಲ, ಬಿಸಿ ಹೆಚ್ಚಾಗಿ ಸಾಯಬಾರದು ಅಂತ. ಸೇವ್ ಆಗುವಾಗ ಆಫ್ ಆದರೆ ಮಾತ್ರ ಫೈಲ್ ಹೋಗಬಹುದು. ನನ್ನದು ಹನ್ನೊಂದು ಗಂಟೆ ಆಟ ಹೋಯಿತು, ಅದಕ್ಕೆ ಗೇಮಿನವರನ್ನು ಈಗಲೂ ಬೈಯುತ್ತೇನೆ.

ವಾರಂಟಿ ಮುಗಿದ ಮೇಲೆ ಎಸ್.ಪಿ. ರೋಡಿನ ಒಂದು ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದೆ. ಫ್ಯಾನ್ ರೆಕ್ಕೆಗಳ ಮೇಲೆ ಬೂದು ಬಣ್ಣದ ಕಂಬಳಿ, ಪಕ್ಕದ ದೇವರ ಮನೆಯ ಊದುಬತ್ತಿ ಹೊಗೆಗೆ ಧೂಳು ಜಿಗುಟಾಗಿ ಅಂಟಿತ್ತು. ಪವರ್ ಸಪ್ಲೈ ಹತ್ತಿರ ಒಣಗಿದ ಜಿರಳೆ ಎರಡು. ಹುಡುಗ ಬ್ರಷ್ಷಲ್ಲಿ ಹೊರಗೆ ತಳ್ಳಿ 'ಬೆಚ್ಚಗಿರುತ್ತಲ್ಲ ಸರ್, ಸಂಸಾರ ಹೂಡ್ತವೆ' ಅಂದ. ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸೋ ಪೇಸ್ಟ್ ಕೂಡ ಬದಲಿಸಿಕೊಟ್ಟ.

ಆಮೇಲೆ ಒಂದು ಸಲವೂ ಆಫ್ ಆಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಆ ಒಂಬತ್ತು ದಿನಕ್ಕೆ. ಈಗ ಟೀಪಾಯ್ ಮೇಲೇ ಇದೆ. ಧೂಳು ಕೂರುತ್ತೆ ಅಂತ ಅಮ್ಮ ಕ್ರೋಶಾ ಬಟ್ಟೆ ಹೊದಿಸುತ್ತಾರೆ, ಆನ್ ಮಾಡೋ ಮುಂಚೆ ನಾನು ತೆಗೆಯುತ್ತೇನೆ.