ಕೋಳಿ ತಳಿಗಳ ಚಿತ್ರಕಾರ್ಡು: ಚಿತ್ರಕ್ಕೆ ಪೂರ್ಣ ಅಂಕ, ಬರಹಕ್ಕೆ ಕತ್ತರಿ

ಮಕ್ಕಳಿಗೆಂದು ತರಿಸಿದ ಕಟ್ಟು ಈಗ ನನ್ನ ಮೇಜಿನ ಮೇಲೆ ಬೀಡುಬಿಟ್ಟಿದೆ. ಸಿಲ್ಕಿ ಕೋಳಿಯ ಕಾರ್ಡನ್ನೇ ನೋಡಿ: ಕೂದಲಿನಂತೆ ಕೆದರಿದ ನವಿರು ಗರಿ, ಅದರ ಸಂದಿಯಲ್ಲಿ ಇಣುಕುವ ಕಪ್ಪು ಚರ್ಮ, ಕಾಲಿಗೆ ಐದು ಬೆರಳು. ಹೆಚ್ಚಿನ ತಳಿಗಳಿಗೆ ಇರುವುದು ನಾಲ್ಕೇ. ಆ ಐದನೆಯದು ಮೇಲಕ್ಕೆ ಬಾಗಿರುವುದನ್ನೂ ಚಿತ್ರಕಾರರು ಬಿಟ್ಟಿಲ್ಲ.

ಮೊಟ್ಟೆಯ ಕಾರ್ಡು ಇನ್ನೂ ಸೊಗಸು. ಚಿಲಿ ಮೂಲದ ಅರೌಕಾನಾ ಇಡುವ ಮೊಟ್ಟೆಯ ನೀಲಿ, ಚಿಪ್ಪಿನ ಒಳಮೈವರೆಗೂ ಇಳಿದಿರುತ್ತದೆ. ಕಂದು ಬಣ್ಣ ಹೆಚ್ಚಾಗಿ ಹೊರಮೈಯಲ್ಲೇ ನಿಲ್ಲುತ್ತದೆ. ಒಡೆದ ಎರಡು ಚಿಪ್ಪುಗಳನ್ನು ಅಕ್ಕಪಕ್ಕ ಬಿಡಿಸಿ ಇದನ್ನು ತೋರಿಸಿದ್ದಾರೆ. ಮಾತೇ ಬೇಕಿಲ್ಲ.

ಮಾತು ಬಂದಲ್ಲಿಯೇ ನನ್ನ ತಕರಾರು. ಕಿವಿಹಾಲೆ ಬಿಳಿಯಾದರೆ ಮೊಟ್ಟೆ ಬಿಳಿ, ಕೆಂಪಾದರೆ ಕಂದು ಎಂದು ಕಾನೂನಿನಂತೆ ಅಚ್ಚು ಹಾಕಿದ್ದಾರೆ. ಬಹುಮಟ್ಟಿಗೆ ನಿಜವೇ. ಆದರೆ ಡಾರ್ಕಿಂಗ್ ಕೋಳಿಗೆ ಕೆಂಪು ಹಾಲೆ, ಬಿಳಿ ಮೊಟ್ಟೆ. ಅರೌಕಾನಾಗೂ ಹಾಲೆ ಕೆಂಪೇ! ಕರಡು ತಿದ್ದಿದವರು ತಮ್ಮದೇ ಚಿತ್ರಗಳನ್ನು ನೋಡಲಿಲ್ಲವೇ?

ಇವೆಲ್ಲದರ ಮುಖ್ಯ ಪೂರ್ವಜನಾದ ಕೆಂಪು ಕಾಡುಕೋಳಿಗೆ ಸಿಕ್ಕಿರುವುದು ಅರ್ಧ ಸಾಲು. ಲೆಗ್‌ಹಾರ್ನ್‌ಗೆ ಮಾತ್ರ ಎರಡು ಕಾರ್ಡು, ಏಕೋ! ಆರು ವರ್ಷದೊಳಗಿನ ಮಕ್ಕಳ ಕೈಗೆ ಕೊಡುವುದಾದರೆ ಅಂಚುಗಳನ್ನು ಮೊದಲು ಟೇಪು ಹಚ್ಚಿ ಭದ್ರಪಡಿಸಿ, ಕಾಗದ ಬೇಗ ಸುಲಿಯುತ್ತದೆ.