ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಕಲಿಯಲು: ಪಪ್ಪಿ, ಆಂಟಿಎಕ್ಸ್, ಲುಬುಂಟು, ಮಿಂಟ್

ಡೆಸ್ಕ್‌ಟಾಪ್ ನೋಡಲು ಚೆಂದವೋ ಅಲ್ಲವೋ ಎಂಬುದು ಆಮೇಲಿನ ಮಾತು. ಈ ನಾಲ್ಕು ಲಿನಕ್ಸ್ ಬಗೆಗಳಲ್ಲಿ ಒಂದನ್ನು ಆರಿಸಲು ಮೊದಲು ಎರಡು ವಿಷಯ ಗೊತ್ತಾಗಬೇಕು: ಪ್ರೊಸೆಸರ್ 64 ಬಿಟ್ ಹೌದೇ, ರ‍್ಯಾಮ್ ಎಷ್ಟಿದೆ. 32 ಬಿಟ್ ಆಂಟಿಎಕ್ಸ್ ಬರೆದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಸಿಪಿಯು' (lscpu) ಕಮ್ಯಾಂಡ್ ಕೊಟ್ಟರೆ ಪ್ರೊಸೆಸರ್ ಯಾವ ಬಗೆಯದೆಂದು ಮೊದಲ ಸಾಲುಗಳಲ್ಲೇ ಕಾಣುತ್ತದೆ. ಆಟಮ್ ಎನ್270 ಇರುವ ಹಳೆಯ ನೆಟ್‌ಬುಕ್ 32 ಬಿಟ್ ಮಾತ್ರ. ಅಂಥದರಲ್ಲಿ ಲುಬುಂಟು, ಮಿಂಟ್ ಎರಡರ ಈಗಿನ ಆವೃತ್ತಿಗಳೂ ಬೂಟ್ ಆಗುವುದಿಲ್ಲ. ಲುಬುಂಟು 19.04ರಿಂದ, ಮಿಂಟ್ 20ರಿಂದ 32 ಬಿಟ್ ಕೈಬಿಟ್ಟಿವೆ.

ಪಪ್ಪಿ ಇಡೀ ವ್ಯವಸ್ಥೆಯನ್ನು ರ‍್ಯಾಮಿಗೆ ಎಳೆದುಕೊಂಡು ಓಡುತ್ತದೆ. ಹಾಗಾಗಿ ಹಾರ್ಡ್ ಡಿಸ್ಕ್ ಎಷ್ಟೇ ನಿಧಾನವಾಗಿದ್ದರೂ ಮೆನು ಥಟ್ಟನೆ ತೆರೆಯುತ್ತದೆ. ಕೆಟ್ಟ ಕಂಪ್ಯೂಟರಿನಿಂದ ಫೈಲ್ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕಲಿಯುವವರಿಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ. ಸಾಮಾನ್ಯವಾಗಿ ಎಲ್ಲವೂ ರೂಟ್ (ಎಲ್ಲ ಅಧಿಕಾರವೂ ಇರುವ) ಬಳಕೆದಾರನಾಗಿಯೇ ನಡೆಯುವುದರಿಂದ ಫೈಲ್ ಅನುಮತಿಗಳ ಪಾಠ ಅನುಭವಕ್ಕೆ ಬರುವುದೇ ಇಲ್ಲ. ಇನ್ನೊಂದು ತೊಡಕು: ಮೊದಲ ಸಲ ಶಟ್‌ಡೌನ್ ಮಾಡುವಾಗ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಸೇವ್ ಫೈಲ್ ಮಾಡಿಕೊಳ್ಳಬೇಕು. ಅದಕ್ಕೆ ಮೊದಲೇ ಕರೆಂಟ್ ಹೋದರೆ ಅಲ್ಲಿಯವರೆಗಿನ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ.

1 ಜಿಬಿ ರ‍್ಯಾಮ್ ಇದ್ದರೆ ಆಂಟಿಎಕ್ಸ್ ಹಾಕಿ. ಐಸ್‌ಡಬ್ಲ್ಯುಎಂ ಎಂಬ ಹಗುರ ವಿಂಡೋ ಮ್ಯಾನೇಜರ್‌ನೊಂದಿಗೆ ಬೂಟ್ ಆದಾಗ ಸುಮಾರು 200 ಎಂಬಿ ಹಿಡಿಯುತ್ತದೆ. ಬುಡ ಡೆಬಿಯನ್ ಆದ್ದರಿಂದ ಜಿಸಿಸಿ, ಪೈಥಾನ್, ಗಿಟ್ ಎಲ್ಲವೂ ಸಾಫ್ಟ್‌ವೇರ್ ಇಳಿಸಿಕೊಡುವ ಆಪ್ಟ್‌ನಿಂದಲೇ ಸಿಗುತ್ತವೆ. ಎಡವುವ ಜಾಗ ಒಂದಿದೆ: ಇದರಲ್ಲಿ ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇಲ್ಲ. ಪಾಠದಲ್ಲಿ 'ಸಿಸ್ಟಮ್‌ಸಿಟಿಎಲ್' (systemctl) ಎಂದಿದ್ದಲ್ಲಿ ಇಲ್ಲಿ 'ಸರ್ವಿಸ್' (service) ಕಮ್ಯಾಂಡ್ ಬಳಸಬೇಕು.

2 ಜಿಬಿ ಇದ್ದಾಗಲೇ ನಿಜವಾದ ಪೈಪೋಟಿ. ಲುಬುಂಟು ಸುಮಾರು 500 ಎಂಬಿಯಲ್ಲಿ ನಿಂತರೆ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಮಿಂಟ್ 700 ದಾಟುತ್ತದೆ. ಆದರೆ ಲುಬುಂಟುವಿನ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತದೆ. ಒತ್ತಿ ಕಟ್ಟಿದ ಆ ಫೈಲನ್ನು ಬಿಚ್ಚಿಕೊಂಡು ಓದಬೇಕಾದ್ದರಿಂದ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮೊದಲ ಸಲ ತೆರೆಯಲು ಬಹಳ ಹೊತ್ತು ಕಾಯಬೇಕು. ಮಿಂಟ್‌ನಲ್ಲಿ ಈ ಕಾಟವಿಲ್ಲ. ಆದ್ದರಿಂದ 2 ಜಿಬಿ ಜೊತೆಗೆ ಎಸ್‌ಎಸ್‌ಡಿ ಇದ್ದರೆ ಲುಬುಂಟು, 4 ಜಿಬಿ ಇದ್ದರೆ ಯಾವ ಡಿಸ್ಕ್ ಆದರೂ ಮಿಂಟ್. ಸಾಟಾ ಜಾಗವಿದ್ದರೆ ಎಸ್‌ಎಸ್‌ಡಿ ಹಾಕುವುದರಿಂದ ಸಿಗುವ ವೇಗ ಯಾವ ಲಿನಕ್ಸ್ ಬದಲಿಸಿದರೂ ಸಿಗದು.

ಯಾವುದನ್ನು ಆರಿಸಿದರೂ ರ‍್ಯಾಮ್ ನುಂಗುವುದು ಬ್ರೌಸರ್. ಜೀರ್ಯಾಮ್ ಚಾಲೂ ಮಾಡಿ, ರ‍್ಯಾಮಿನ ಅರ್ಧದಷ್ಟು ಗಾತ್ರ ಕೊಡಿ. ಹೆಚ್ಚುವರಿ ಪುಟಗಳು (ಮೆಮೊರಿಯ ತುಂಡುಗಳು) ಡಿಸ್ಕಿಗೆ ಹೋಗುವ ಬದಲು ರ‍್ಯಾಮಿನಲ್ಲೇ ಕುಗ್ಗಿ ಕೂರುತ್ತವೆ. ಹಳೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ವಿಪಿ9 ಬಗೆಯ ವಿಡಿಯೊ ಬಿಡಿಸಲು ಬಾರದು, ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಪಾಠದ ವಿಡಿಯೊಗಳನ್ನು ಎಚ್264ರಲ್ಲಿ, 480ಪಿಯಲ್ಲಿ ನೋಡಿ.

ಆಪ್ಟ್ ಅಪ್‌ಡೇಟ್ ಸೋತು, ವೆಬ್‌ಸೈಟುಗಳೆಲ್ಲ ಪ್ರಮಾಣಪತ್ರ ಸರಿಯಿಲ್ಲ ಎಂದರೆ ಇನ್‌ಸ್ಟಾಲ್ ಮಾಡಿದ್ದನ್ನು ಅಳಿಸಬೇಡಿ, ಮೊದಲು ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ರಾಡ್‌ಕಾಮ್ ವೈಫೈ ಕಾಣದಿದ್ದರೆ ಕೊರತೆ ಇರುವುದು ಸಾಮಾನ್ಯವಾಗಿ ಫರ್ಮ್‌ವೇರ್‌ನದು. ಅದನ್ನು ಇಳಿಸಿಕೊಳ್ಳುವವರೆಗೆ ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ ಜೋಡಿಸಿ. ಬೂಟ್ ಆಗುವಾಗ ಪರದೆ ಕಪ್ಪಾದರೆ ಬೂಟ್ ಆಯ್ಕೆ ತೋರಿಸುವ ಗ್ರಬ್ ಮೆನುವಿನಲ್ಲಿ 'ಇ' (e) ಒತ್ತಿ, 'ಲಿನಕ್ಸ್' (linux) ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' (nomodeset) ಸೇರಿಸಿ ಎಫ್10 ಒತ್ತಿ. ಹೀಗೆ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ, ಒಳಗೆ ಹೋಗಿ ಡ್ರೈವರ್ ಸರಿಪಡಿಸಿ. ಗ್ರಬ್ ಸೆಟ್ಟಿಂಗ್‌ನಲ್ಲಿ ಅದು ಉಳಿದುಕೊಂಡಿದ್ದರೆ ತೆಗೆದುಬಿಡಿ, ಇಲ್ಲವಾದರೆ ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿರುತ್ತದೆ.